ಎರರ್ ಅಂತ ಹುಡುಕಿದ್ರೆ ಎರರ್ ಮಾತ್ರ ಸಿಗುತ್ತೆ

ಫೆಸ್ಟ್‌ಗೆ ಇನ್ನು ನಾಲ್ಕು ದಿನ ಇತ್ತು. ರಾತ್ರಿ 9 ಗಂಟೆ ದಾಟಿತ್ತು. ರಿಜಿಸ್ಟ್ರೇಶನ್ ಸೈಟ್ ನೋಡಿಕೊಳ್ಳೋ ನಾವು ನಾಲ್ಕು ಜನ ಹಾಸ್ಟೆಲ್ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತಿದ್ವಿ. ಫಾರ್ಮ್ ತುಂಬಿ, ಐಡಿ ಕಾರ್ಡ್ ಫೋಟೋ ಹಾಕಿ, ಸಬ್ಮಿಟ್ ಒತ್ತಿದವರಿಗೆಲ್ಲ "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಅಂತ ಬರ್ತಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್‌ಗಳ ಸುರಿಮಳೆ. ಜೊತೆಗೆ "ಈ ಸೈಟ್ ಮಾಡಿದೋರು ಯಾರಪ್ಪಾ?" ಅನ್ನೋ ಪ್ರಶ್ನೆ ಬೇರೆ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡೋದನ್ನೇ ನಾವೂ ಮಾಡಿದ್ವಿ. ಟರ್ಮಿನಲ್ ತೆಗೆದು, ಓಡ್ತಿರೋ ಲಾಗ್ ಫೈಲಿಗೆ ಟೇಲ್ ಕಮ್ಯಾಂಡ್ ಹಚ್ಚಿ, ಅಲ್ಲಿಂದ ಗ್ರೆಪ್‌ಗೆ ಪೈಪ್ ಹಾಕಿ, ದೊಡ್ಡಕ್ಷರದಲ್ಲಿ "ಎರರ್" ಅಂತ ಕೊಟ್ವಿ. ಅಲ್ಲಿವರೆಗೆ ಜೋರಾಗಿ ಹರೀತಿದ್ದ ಸ್ಕ್ರೀನ್ ತಕ್ಷಣ ಶಾಂತ ಆಯ್ತು. ಆಮೇಲೆ ಒಂದೇ ಥರದ ಸಾಲು ಒಂದಾದ ಮೇಲೊಂದು ಬೀಳೋಕೆ ಶುರುವಾಯ್ತು. ಎರರ್, ನೋಂದಣಿ ಮಾಡ್ಯೂಲ್, ಅರ್ಜಿ ಸೇವ್ ಆಗಲಿಲ್ಲ. ಮತ್ತೆ ಎರರ್, ನೋಂದಣಿ ಮಾಡ್ಯೂಲ್, ಅರ್ಜಿ ಸೇವ್ ಆಗಲಿಲ್ಲ. "ಎರರ್" ಅನ್ನೋ ಪದ ಮಾತ್ರ ಕೆಂಪಗೆ ಹೊಳೀತಿತ್ತು.

ನೋಂದಣಿ ಮಾಡ್ಯೂಲ್ ಬರೆದಿದ್ದು ನಮ್ಮ ಟೀಮಿನ ಫಸ್ಟ್ ಇಯರ್ ಹುಡುಗಿ. ಅವಳಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ್ವಿ.

"ನಿನ್ನ ಕೋಡ್ ಎಲ್ಲರ ಅರ್ಜಿನೂ ಬೀಳಿಸ್ತಿದೆ ನೋಡಮ್ಮ."

"ಅಣ್ಣ, ಪೂರ್ತಿ ಲಾಗ್ ಒಂದ್ಸಲ ನೋಡೋಣ್ವಾ?"

"ಲಾಗೇ ನೋಡ್ತಿದೀವಿ. ಪ್ರತಿ ಸಾಲಲ್ಲೂ ನಿನ್ನ ಮಾಡ್ಯೂಲ್ ಹೆಸರೇ ಇದೆ."

ಅವಳು ಮತ್ತೇನೂ ಹೇಳಲಿಲ್ಲ. ರಾತ್ರಿ 11:30ಕ್ಕೆ ಫಾರ್ಮ್ ಮುಚ್ಚಿ, ಗ್ರೂಪಿನಲ್ಲಿ "ನೋಂದಣಿ ಮಾಡ್ಯೂಲ್‌ನಲ್ಲಿ ಬಗ್ ಇದೆ, ಬೆಳಗ್ಗೆ ಸರಿ ಮಾಡ್ತೀವಿ" ಅಂತ ಹಾಕಿ ಮಲಗಿದ್ವಿ. ಹೆಸರು ಹಾಕಿರಲಿಲ್ಲ, ಹಾಕೋ ಅಗತ್ಯವೂ ಇರಲಿಲ್ಲ. ಆ ಮಾಡ್ಯೂಲ್ ಯಾರದ್ದು ಅಂತ ಗ್ರೂಪಿಗೆಲ್ಲ ಗೊತ್ತಿತ್ತು.

ಆ ರಾತ್ರಿ ನಾವು ಲಾಗ್ ನೋಡ್ತಿದೀವಿ ಅಂದುಕೊಂಡಿದ್ವಿ. ನಿಜವಾಗಿ ನೋಡ್ತಿದ್ದದ್ದು ಲಾಗಿನಿಂದ ನಾವೇ ಕತ್ತರಿಸಿಕೊಂಡ ಒಂದು ತುಂಡನ್ನ. ಇವೆರಡರ ನಡುವಿನ ವ್ಯತ್ಯಾಸ ಹೇಳೋಕೇ ಈ ಲೇಖನ.

ಟೇಲ್, ಗ್ರೆಪ್ ಮತ್ತು ನಡುವಿನ ಪೈಪ್

ಫಸ್ಟ್ ಇಯರಿನವರಿಗಾಗಿ ಮೊದಲು ಸ್ವಲ್ಪ ವಿವರಣೆ. ಸರ್ವರ್ ಮೇಲೆ ಓಡೋ ಪ್ರತಿ ಪ್ರೋಗ್ರಾಂ ತಾನು ಏನು ಮಾಡ್ತಿದೆ ಅಂತ ಒಂದು ಫೈಲಿಗೆ ಬರೀತಾ ಹೋಗುತ್ತೆ. ಅದೇ ಲಾಗ್. ಯಾರು ಬಂದರು, ಏನು ಕೇಳಿದರು, ಏನು ಕೊಟ್ಟೆ, ಎಲ್ಲಿ ಎಡವಿದೆ, ಎಲ್ಲ ಅದರಲ್ಲಿರುತ್ತೆ. ಟೇಲ್ ಅಂದ್ರೆ ಬಾಲ. ಟೇಲ್ ಕಮ್ಯಾಂಡ್ ಸುಮ್ಮನೆ ಕೊಟ್ಟರೆ ಫೈಲಿನ ಕೊನೆಯ 10 ಸಾಲು ತೋರಿಸಿ ಮುಗಿಸುತ್ತೆ. ಅದರ ಜೊತೆ ಸಣ್ಣ ಎಫ್ ಆಯ್ಕೆ ಕೊಟ್ಟರೆ ಬಾಲ ಹಿಡ್ಕೊಂಡೇ ಇರುತ್ತೆ. ಹೊಸ ಸಾಲು ಬಂದಹಾಗೆಲ್ಲ ಸ್ಕ್ರೀನಿಗೆ ತರುತ್ತೆ.

ಆ ಸಾಲುಗಳನ್ನ ಸೋಸೋದು ಗ್ರೆಪ್. ಇದನ್ನ ಬರೆದವರು ಯೂನಿಕ್ಸ್‌ನ ಕೆನ್ ಥಾಂಪ್ಸನ್. 1973ರ ಹೊತ್ತಿಗೆ ಅದು ಯೂನಿಕ್ಸ್‌ನಲ್ಲಿತ್ತು. "ಇಡಿ" ಅನ್ನೋ ಹಳೆಯ ಎಡಿಟರ್‌ನಲ್ಲಿ ಫೈಲಿನಾದ್ಯಂತ ಒಂದು ನಮೂನೆಗೆ ಹೊಂದೋ ಸಾಲುಗಳನ್ನ ಪ್ರಿಂಟ್ ಮಾಡೋಕೆ ಇದ್ದ ಕಮ್ಯಾಂಡಿನ ಅಕ್ಷರಗಳೇ ಸೇರಿ ಗ್ರೆಪ್ ಅನ್ನೋ ಹೆಸರಾಯ್ತು. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದನ್ನ ಇನ್ನೊಂದಕ್ಕೆ ಕಳಿಸೋ ಪೈಪ್ ಕೂಡ ಯೂನಿಕ್ಸ್‌ಗೆ ಬಂದದ್ದು 1973ರಲ್ಲೇ. ಅದರ ಹಿಂದಿದ್ದವರು ಡಗ್ ಮೆಕಿಲ್‌ರಾಯ್. ತೋಟಕ್ಕೆ ನೀರು ಬಿಡೋ ಪೈಪಿಗೆ ಇನ್ನೊಂದು ತುಂಡು ಜೋಡಿಸೋ ಹಾಗೆ ಪ್ರೋಗ್ರಾಂಗಳನ್ನೂ ಜೋಡಿಸೋಕೆ ಆಗಬೇಕು ಅಂತ ಅವರು 1964ರಲ್ಲೇ ಬರೆದಿಟ್ಟಿದ್ದರು.

ಅಂದ್ರೆ ನಮ್ಮ ಅಪ್ಪ ಅಮ್ಮ ಶಾಲೆಗೆ ಹೋಗೋ ಕಾಲದ ಸಾಮಾನು ಇದು. ಇವತ್ತಿಗೂ ಜಗತ್ತಿನ ಎಷ್ಟೋ ಸರ್ವರ್‌ಗಳ ಮುಂದೆ ರಾತ್ರಿ ಕೂತವರು ಮೊದಲು ಟೈಪ್ ಮಾಡೋದು ಇದನ್ನೇ. ಇದು ಕೆಟ್ಟ ಸಾಧನ ಅಂತ ನಾವು ಹೇಳ್ತಿಲ್ಲ. ಚಾಕು ಹಿಡಿಯೋದು ಕಲಿಯದೇ ತರಕಾರಿ ಹೆಚ್ಚೋಕೆ ಹೋದ್ವಿ ಅಂತ ಹೇಳ್ತಿದೀವಿ.

ಬೆಳಗ್ಗೆ ಆಗಿದ್ದು

ಬೆಳಗ್ಗೆ ಮೆಸ್‌ನಲ್ಲಿ ಟೀ ಕುಡೀತಿರೋವಾಗ ಅವಳಿಂದ ಒಂದು ಮೆಸೇಜ್ ಬಂತು. "ಅಣ್ಣ, ಎರರ್ ಸಾಲಿನ ಕೆಳಗಿರೋ ಸಾಲುಗಳನ್ನ ನೋಡಿ." ಅಷ್ಟೇ. ಕೋಪದ ಒಂದು ಮಾತೂ ಇರಲಿಲ್ಲ.

ನಮ್ಮ ಸೈಟ್ ಪೈಥಾನ್‌ನಲ್ಲಿತ್ತು. ಪೈಥಾನ್‌ನಲ್ಲಿ ಎಕ್ಸೆಪ್ಶನ್ ಒಂದನ್ನ ಹಿಡಿದು ಸರಿಯಾಗಿ ಲಾಗ್ ಮಾಡಿದ್ರೆ, ಮೊದಲು ಒಂದು ಸಾಲು ಬರುತ್ತೆ: ಸಮಯ, ಲೆವೆಲ್, ಮಾಡ್ಯೂಲ್ ಹೆಸರು, ಸಂದೇಶ. ಅದರ ಕೆಳಗೆ ಟ್ರೇಸ್‌ಬ್ಯಾಕ್, ಅಂದ್ರೆ ಯಾವ ಫೈಲಿನ ಯಾವ ಸಾಲಿಂದ ಎಲ್ಲಿಗೆ ಹೋಗಿ ಬಿತ್ತು ಅನ್ನೋ ಪಟ್ಟಿ. ಆ ಪಟ್ಟಿಯ ತೀರಾ ಕೊನೆಯ ಸಾಲಲ್ಲಿ ನಿಜವಾದ ಕಾರಣ. ಈ ಕೆಳಗಿನ ಸಾಲುಗಳಿಗೆ ಲೆವೆಲ್ ಹೆಸರು ಅಂಟಿಕೊಂಡಿರಲ್ಲ. ಗ್ರೆಪ್ ನೋಡೋದು ಸಾಲು ಸಾಲಾಗಿ. ನಮಗೆ ಅದು ಒಂದೇ ಘಟನೆ, ಗ್ರೆಪ್‌ಗೆ ಒಂದಕ್ಕೊಂದು ಸಂಬಂಧ ಇಲ್ಲದ ಹದಿನೈದು ಸಾಲು. ತಲೆಯನ್ನ ನಮಗೆ ಕೊಟ್ಟು ಉಳಿದ ಹದಿನಾಲ್ಕನ್ನ ಎಸೆದಿತ್ತು.

ಆ ಕೊನೆಯ ಸಾಲಲ್ಲಿ ಇದ್ದದ್ದು ಓಎಸ್‌ಎರರ್, ಸಂಖ್ಯೆ 28. ಲಿನಕ್ಸ್‌ನಲ್ಲಿ 28 ಅಂದ್ರೆ ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ. ತಮಾಷೆ ನೋಡಿ, ಆ ಹೆಸರಿನಲ್ಲೂ "ಎರರ್" ಇದೆ. ಆದ್ರೆ ಅಲ್ಲಿ ಮೊದಲ ಅಕ್ಷರ ಮಾತ್ರ ದೊಡ್ಡದು. ನಾವು ಹುಡುಕಿದ್ದು ಪೂರ್ತಿ ದೊಡ್ಡಕ್ಷರದ ಪದ. ಗ್ರೆಪ್‌ಗೆ ಅವೆರಡೂ ಬೇರೆ ಬೇರೆ.

ಡಿಸ್ಕ್ ಯಾಕೆ ತುಂಬಿತು? ಫೋಟೋಗಳಿಗೆ ಅಂತ ಇಟ್ಟಿದ್ದ ಚಿಕ್ಕ ಪಾರ್ಟಿಷನ್ ಅದು. ಲಾಗ್ ಬೇರೆ ಪಾರ್ಟಿಷನ್‌ನಲ್ಲಿ ಇದ್ದದ್ದಕ್ಕೆ ಅದು ಬರೀತಾನೇ ಇತ್ತು. ಮೇಲಕ್ಕೆ ಹೋದ್ವಿ. ಸಂಜೆಯಿಂದಲೇ ಡಿಸ್ಕ್ ತುಂಬ್ತಿದೆ ಅಂತ ವಾರ್ನಿಂಗ್ ಸಾಲುಗಳು ಬಿದ್ದಿದ್ದವು. ಇನ್ನೂ ಮೇಲೆ, ಮಧ್ಯಾಹ್ನ ಸರ್ವರ್ ಶುರು ಮಾಡಿದ ಜಾಗದಲ್ಲಿ, ಇನ್ಫೋ ಲೆವೆಲ್‌ನ ಒಂದು ಬಡಪಾಯಿ ಸಾಲು: ಫೋಟೋ ಗಾತ್ರದ ಮಿತಿ, ಇಲ್ಲ.

ಆ ಮಿತಿಯನ್ನ ತೆಗೆದದ್ದು ನಾವು. ಮಧ್ಯಾಹ್ನ ಡೆಮೋ ತೋರಿಸೋವಾಗ ಫೋನಿನ ಫೋಟೋ ಒಂದು ಅಪ್‌ಲೋಡ್ ಆಗದೇ ಮುಜುಗರ ಆಯ್ತು ಅಂತ, "ಆಮೇಲೆ ವಾಪಸ್ ಹಾಕೋಣ" ಅಂತ ತೆಗೆದಿದ್ವಿ. ವಾಪಸ್ ಹಾಕೋದು ಮರೆತ್ವಿ. ಅವಳ ಮಾಡ್ಯೂಲ್ ಮಾಡಿದ್ದು ಏನು? ಜಾಗ ಇಲ್ಲ ಅಂತ ಗೊತ್ತಾದಾಗ ಕ್ರ್ಯಾಶ್ ಆಗದೇ, ಕಾರಣ ಸಮೇತ, ಟ್ರೇಸ್‌ಬ್ಯಾಕ್ ಸಮೇತ ಲಾಗಿಗೆ ಬರೆದದ್ದು. ನಮ್ಮ ಐದು ಜನರಲ್ಲಿ ಆ ರಾತ್ರಿ ಸರಿಯಾಗಿ ಕೆಲಸ ಮಾಡಿದ ಕೋಡ್ ಅವಳದ್ದು ಮಾತ್ರ. ನಾವು ಬೈದಿದ್ದು ಅವಳಿಗೇ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಇದೆಯಲ್ಲ, ಅದನ್ನ ಚಿಕ್ಕಂದಿನಲ್ಲಿ ಮಾರ್ಕ್ಸ್‌ಗೋಸ್ಕರ ವಿಸ್ತರಿಸಿ ಬರೆದಿದ್ದೀವಿ. ಅರ್ಥ ಆಗಿದ್ದು ಸೆಕೆಂಡ್ ಇಯರಲ್ಲಿ.

ಅಜ್ಜಿ ಅಕ್ಕಿ ಆರಿಸೋ ಥರ

ನಮ್ಮ ವಾದ ಇಷ್ಟೇ. ಓಡ್ತಿರೋ ಲಾಗ್ ಮುಂದೆ ಕೂತಾಗ ಮೊದಲು ಬಣ್ಣ ಹಚ್ಚಿ, ಆಮೇಲೆ ಸೋಸಿ. ಹೈಲೈಟ್ ಮೊದಲು, ಫಿಲ್ಟರ್ ನಂತರ. ನಾವೆಲ್ಲ ಮಾಡೋದು ಉಲ್ಟಾ.

ಮನೇಲಿ ಅಜ್ಜಿ ಅಕ್ಕಿ ಆರಿಸೋದನ್ನ ನೆನಪು ಮಾಡಿಕೊಳ್ಳಿ. ಮೊರದಲ್ಲಿ ಅಕ್ಕಿ ಪೂರ್ತಿ ಹರಡ್ತಾರೆ. ಕಲ್ಲು ಎಲ್ಲಿದೆ ಅಂತ ಕಣ್ಣು ಹುಡುಕುತ್ತೆ, ಆದ್ರೆ ಅಕ್ಕಿ ಅಲ್ಲೇ ಇರುತ್ತೆ. ಕಲ್ಲಿನ ಪಕ್ಕದಲ್ಲಿ ಹುಳು ಇದ್ರೆ ಅದೂ ಕಾಣುತ್ತೆ, ಹುಳು ಹುಡುಕ್ತಾ ಇರಲಿಲ್ಲವಾದ್ರೂ. ಅದು ಹೈಲೈಟ್. ಜರಡಿ ಹಾಗಲ್ಲ. ಜರಡಿಯ ತೂತು ಎಷ್ಟು ದೊಡ್ಡದು ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಕೆಳಗೆ ಬಿದ್ದದ್ದರಲ್ಲಿ ಏನಿತ್ತು ಅಂತ ಮೇಲೆ ನೋಡೋರಿಗೆ ಗೊತ್ತಾಗಲ್ಲ. ಗ್ರೆಪ್ ಜರಡಿ.

ಫಿಲ್ಟರ್ ಹಾಕೋದು ಅಂದ್ರೆ ಒಂದು ಪ್ರಶ್ನೆ ಕೇಳೋದು. "ಎರರ್" ಅಂತ ಕೊಟ್ಟಾಗ ನಾವು ಕೇಳಿದ ಪ್ರಶ್ನೆ "ಏನಾಯ್ತು?" ಅಂತ ಅಲ್ಲ. "ಯಾವ ಸಾಲಿನಲ್ಲಿ ಈ ಐದು ಅಕ್ಷರ ಇದೆ?" ಅಂತ. ಕೇಳಿದ್ದಕ್ಕೆ ಅದು ಪ್ರಾಮಾಣಿಕವಾಗಿ ಉತ್ತರ ಕೊಡ್ತು. ನಾವು ಆ ಉತ್ತರವನ್ನ ಬೇರೆ ಪ್ರಶ್ನೆಗೆ ಹಚ್ಚಿಕೊಂಡ್ವಿ.

ಇನ್ನೊಂದು ವಿಷಯ. ಇನ್ಫೋ, ವಾರ್ನಿಂಗ್, ಎರರ್ ಅನ್ನೋ ಲೆವೆಲ್‌ಗಳು ದೇವರು ಕೊಟ್ಟದ್ದಲ್ಲ. ಎರಿಕ್ ಆಲ್‌ಮನ್ 1980ರ ದಶಕದಲ್ಲಿ ಸೆಂಡ್‌ಮೇಲ್ ಜೊತೆಗೆ ಮಾಡಿದ ಸಿಸ್‌ಲಾಗ್‌ನ ಪರಂಪರೆಯಲ್ಲಿ 0ರಿಂದ 7ರವರೆಗೆ ಎಂಟು ಲೆವೆಲ್ ಇವೆ. 0 ಅಂದ್ರೆ ತುರ್ತು, 3 ಎರರ್, 4 ವಾರ್ನಿಂಗ್, 6 ಇನ್ಫೋ, 7 ಡೀಬಗ್. ಪೈಥಾನ್‌ನಲ್ಲಿ ಲೆಕ್ಕ ತಿರುಗಾಮುರುಗಾ: ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಸಂಖ್ಯೆ ಯಾವುದಾದ್ರೂ ಇರಲಿ, ಒಂದು ಸಾಲಿಗೆ ಯಾವ ಲೆವೆಲ್ ಅಂತ ತೀರ್ಮಾನ ಮಾಡಿದ್ದು ಕೋಡ್ ಬರೆದ ಮನುಷ್ಯ, ಬರೆದ ದಿನದ ಅಂದಾಜಿನ ಮೇಲೆ. "ಫೋಟೋ ಮಿತಿ ಇಲ್ಲ" ಅನ್ನೋದಕ್ಕೆ ಇನ್ಫೋ ಅಂತ ಕೊಟ್ಟದ್ದು ನಾವೇ. ಆವತ್ತು ಅದು ನಮಗೆ ಮುಖ್ಯ ಅನ್ನಿಸಿರಲಿಲ್ಲ. ರೋಗ ಎರರ್ ಅನ್ನೋ ಹೆಸರಲ್ಲಿ ಕೂಗಾಡ್ತಿತ್ತು, ಕಾರಣ ಇನ್ಫೋ ಅನ್ನೋ ಹೆಸರಲ್ಲಿ ಸುಮ್ಮನೆ ಕೂತಿತ್ತು.

ಪದದ ಮೇಲೆ ನಂಬಿಕೆ ಇಡೋರಿಗೆ ಇನ್ನೂ ಒಂದು ಮಾತು. ಪರ್ಮಿಷನ್ ಡಿನೈಡ್, ಕನೆಕ್ಷನ್ ರೆಫ್ಯೂಸ್ಡ್, ಸೆಗ್ಮೆಂಟೇಶನ್ ಫಾಲ್ಟ್, ಔಟ್ ಆಫ್ ಮೆಮರಿ. ಇವುಗಳಲ್ಲಿ ಯಾವುದರಲ್ಲೂ "ಎರರ್" ಅನ್ನೋ ಪದ ಇಲ್ಲ. ಅಕ್ಷರದ ದೊಡ್ಡದು ಚಿಕ್ಕದು ನೋಡಬೇಡ ಅಂತ ಸಣ್ಣ ಐ ಆಯ್ಕೆ ಕೊಟ್ಟರೆ "0 ಎರರ್ಸ್, ಎಲ್ಲ ಚೆನ್ನಾಗಿದೆ" ಅನ್ನೋ ಸಾಲು ಮಾತ್ರ ತಪ್ಪದೇ ಬರುತ್ತೆ.

ಹಾಗಾದ್ರೆ ಮಾಡೋದು ಹೇಗೆ?

ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಅದೇ ಗ್ರೆಪ್ ಸಾಕು. ದೊಡ್ಡ ಇ ಆಯ್ಕೆ ಕೊಟ್ಟು, ಹುಡುಕೋ ಪದದ ಪಕ್ಕದಲ್ಲಿ ನಿಂತ ಗೀಟು, ಅದರ ಪಕ್ಕ ಡಾಲರ್ ಚಿಹ್ನೆ ಹಾಕಿ. ನೋಡೋಕೆ 'ಎರರ್|$' ಅನ್ನೋ ಥರ ಇರುತ್ತೆ. ಗೀಟು ಅಂದ್ರೆ "ಅಥವಾ". ಡಾಲರ್ ಅಂದ್ರೆ "ಸಾಲಿನ ಕೊನೆ". ಪ್ರತಿ ಸಾಲಿಗೂ ಕೊನೆ ಅಂತ ಇದ್ದೇ ಇರುತ್ತಲ್ಲ, ಹಾಗಾಗಿ ಎಲ್ಲ ಸಾಲೂ ಪಾಸ್. ಬಣ್ಣ ಬೀಳೋದು ಮಾತ್ರ ನಮ್ಮ ಪದಕ್ಕೆ. ಏನೂ ಮರೆಯಾಗಲ್ಲ, ಆದ್ರೆ ಕಣ್ಣಿಗೆ ಹಿಡಿತ ಸಿಗುತ್ತೆ. ಪೂರ್ತಿಯನ್ನ ಸಿಂಗಲ್ ಕೋಟ್ ಒಳಗೆ ಹಾಕೋದು ಮರೀಬೇಡಿ, ಇಲ್ಲದಿದ್ರೆ ಶೆಲ್ ಆ ಗೀಟನ್ನ ನಿಜವಾದ ಪೈಪ್ ಅಂದುಕೊಳ್ಳುತ್ತೆ. ಉಬುಂಟುನಲ್ಲಿ ಬಣ್ಣ ಸಾಮಾನ್ಯವಾಗಿ ಮೊದಲೇ ಆನ್ ಇರುತ್ತೆ. ಇಲ್ಲಾಂದ್ರೆ ಕಲರ್ ಆಯ್ಕೆ ಕೊಡಿ.

ಸೋಸಲೇಬೇಕು ಅನ್ನೋ ಹಂತ ಬಂದಾಗಲೂ ಸುತ್ತಮುತ್ತ ಬಿಡಬೇಡಿ. ದೊಡ್ಡ ಎ ಜೊತೆ 20 ಅಂತ ಕೊಟ್ಟರೆ ಸಿಕ್ಕ ಸಾಲಿನ ನಂತರದ 20 ಸಾಲು ಬರುತ್ತೆ, ದೊಡ್ಡ ಬಿ ಕೊಟ್ಟರೆ ಹಿಂದಿನ 20, ದೊಡ್ಡ ಸಿ ಕೊಟ್ಟರೆ ಎರಡೂ ಕಡೆ. ಆ ರಾತ್ರಿ ಎ ಮತ್ತು 20, ಇಷ್ಟು ಟೈಪ್ ಮಾಡಿದ್ರೆ ನಮ್ಮ ಮಾನ ಉಳೀತಿತ್ತು.

ಲೆಸ್ ಅನ್ನೋ ಪ್ರೋಗ್ರಾಂ ಎಲ್ಲರಿಗೂ ಗೊತ್ತು. ಅದಕ್ಕೆ ಪ್ಲಸ್ ಮತ್ತು ದೊಡ್ಡ ಎಫ್ ಕೊಟ್ಟು ತೆಗೆದ್ರೆ ಟೇಲ್ ಥರಾನೇ ಹಿಂಬಾಲಿಸುತ್ತೆ. ಕಂಟ್ರೋಲ್ ಸಿ ಒತ್ತಿದ್ರೆ ನಿಲ್ಲುತ್ತೆ, ಆಗ ಹಿಂದೆ ಹೋಗಿ ಓದಬಹುದು, ಹುಡುಕಬಹುದು. ದೊಡ್ಡ ಎಫ್ ಒತ್ತಿದ್ರೆ ಮತ್ತೆ ಓಡುತ್ತೆ. ಇನ್ನೂ ಬೇಕು ಅನ್ನೋರಿಗೆ ಎಲ್‌ನ್ಯಾವ್ ಅನ್ನೋ ಉಚಿತ ಸಾಧನ ಇದೆ. ಹಲವು ಲಾಗ್ ಫೈಲ್‌ಗಳನ್ನ ಸಮಯದ ಪ್ರಕಾರ ಹೆಣೆದು ಒಂದೇ ಕಡೆ ತೋರಿಸುತ್ತೆ, ಲೆವೆಲ್ ನೋಡಿ ಬಣ್ಣ ಹಚ್ಚುತ್ತೆ, ಟ್ರೇಸ್‌ಬ್ಯಾಕ್ ಥರದ ಬಹುಸಾಲಿನ ಸಂದೇಶವನ್ನ ಒಂದೇ ಘಟನೆ ಅಂತ ನೋಡುತ್ತೆ.

ನಾವು ಬಿದ್ದ ಇನ್ನೊಂದಿಷ್ಟು ಗುಂಡಿಗಳನ್ನೂ ಹೇಳಿಬಿಡ್ತೀವಿ. ಮತ್ತೆ ಯಾರೂ ಬೀಳೋದು ಬೇಡ.

ಒಂದು, ಸಮಯ. ಆ ರಾತ್ರಿ ನಮ್ಮಲ್ಲಿ ಒಬ್ಬ 9 ಗಂಟೆ ಸಾಲುಗಳು ಬೇಕು ಅಂತ "21:" ಅಂತ ಹುಡುಕಿ, ಏನೂ ಇಲ್ಲ ಅಂದ. ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು. ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ರಾತ್ರಿ 9 ಅಲ್ಲಿ 15:30. ಖಾಲಿ ಸ್ಕ್ರೀನ್ ಅಂದ್ರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ತಪ್ಪು ಕೇಳಿದ್ದೀವಿ ಅಂತಲೂ ಇರಬಹುದು.

ಎರಡು, ಬಫರ್. ಒಂದು ಗ್ರೆಪ್‌ನಿಂದ ಇನ್ನೊಂದು ಗ್ರೆಪ್‌ಗೆ ಪೈಪ್ ಹಾಕಿದ ತಕ್ಷಣ ಲೈವ್ ಲಾಗ್ ನಿಂತುಹೋದ ಹಾಗೆ ಕಾಣುತ್ತೆ. ಕಾರಣ, ಔಟ್‌ಪುಟ್ ಟರ್ಮಿನಲ್ ಬದಲು ಪೈಪಿಗೆ ಹೋಗೋವಾಗ ಗ್ರೆಪ್ ಒಂದೊಂದೇ ಸಾಲು ಕಳಿಸಲ್ಲ, ಕೆಲವು ಸಾವಿರ ಬೈಟ್ ಸೇರೋವರೆಗೆ ಕೂಡಿಟ್ಟುಕೊಳ್ಳುತ್ತೆ. ಮೊದಲ ಗ್ರೆಪ್‌ಗೆ ಲೈನ್-ಬಫರ್ಡ್ ಅನ್ನೋ ಆಯ್ಕೆ ಕೊಟ್ಟರೆ ಸರಿಹೋಗುತ್ತೆ.

ಮೂರು, ರೊಟೇಶನ್. ಲಾಗ್ ದೊಡ್ಡದಾದಾಗ ಹಳೆಯ ಫೈಲಿನ ಹೆಸರು ಬದಲಾಯಿಸಿ, ಅದೇ ಹೆಸರಲ್ಲಿ ಹೊಸ ಫೈಲ್ ಶುರು ಮಾಡ್ತಾರೆ. ಸಣ್ಣ ಎಫ್ ಕೊಟ್ಟ ಟೇಲ್ ಹಳೆಯ ಫೈಲನ್ನೇ ಹಿಡ್ಕೊಂಡು ಕೂತಿರುತ್ತೆ. ದೊಡ್ಡ ಎಫ್ ಕೊಟ್ಟರೆ ಹೆಸರನ್ನ ಹಿಂಬಾಲಿಸಿ ಹೊಸ ಫೈಲಿಗೆ ಬರುತ್ತೆ.

ನಾಲ್ಕು, ಇದು ಕನ್ನಡ ಸಂಘದವರಾದ ನಮಗೇ ಮೀಸಲು ಗುಂಡಿ. ಫಾರ್ಮ್‌ನಲ್ಲಿ ಹೆಸರು ಕನ್ನಡದಲ್ಲೂ ಬರೀಬಹುದು ಅಂತ ಹಟ ಹಿಡಿದು ಮಾಡಿಸಿದ್ವಿ. "ಕನ್ನಡ" ಅನ್ನೋ ಪದ ನಮ್ಮ ಕಣ್ಣಿಗೆ 3 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 5, ಯುಟಿಎಫ್-8 ಫೈಲಿನಲ್ಲಿ 15 ಬೈಟ್. ಅಷ್ಟಾದ್ರೆ ಪರವಾಗಿಲ್ಲ. "ಗೋಪಾಲ" ಅಂತ ಹುಡುಕಿದ್ರೆ ಕಣ್ಣೆದುರೇ ಇರೋ ಗೋಪಾಲ ಸಿಗದೇ ಹೋಗಬಹುದು. ಯಾಕಂದ್ರೆ "ಗೋ" ಅಕ್ಷರದ ಓಕಾರವನ್ನ ಒಂದೇ ಚಿಹ್ನೆಯಾಗಿ ಬರೀಬಹುದು, ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಅಂತ ಮೂರು ಚಿಹ್ನೆಯಾಗಿಯೂ ಬರೀಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ. ಗ್ರೆಪ್‌ಗೆ ಬೇರೆ. ಲಾಗಿಗೆ ಬರೆಯೋ ಮೊದಲೇ ಪಠ್ಯವನ್ನ ಒಂದೇ ರೂಪಕ್ಕೆ ತರಬೇಕು. ಇದಕ್ಕೆ ನಾರ್ಮಲೈಸೇಶನ್ ಅಂತಾರೆ. ಕನ್ನಡ ಬಳಸಬೇಕು ಅಂತ ಭಾಷಣ ಮಾಡೋ ನಾವೇ ಇದನ್ನ ಮಾಡದಿದ್ರೆ ಇನ್ಯಾರು ಮಾಡ್ತಾರೆ?

ನೀವು ಹೇಳಬಹುದಾದ್ದು

"ನಿಮ್ಮದು ಕಾಲೇಜ್ ಫೆಸ್ಟ್ ಸೈಟ್. ದೊಡ್ಡ ಕಂಪನೀಲಿ ಸೆಕೆಂಡಿಗೆ ಸಾವಿರಾರು ಸಾಲು ಬರುತ್ತೆ. ಅದನ್ನೆಲ್ಲ ಬಣ್ಣ ಹಚ್ಚಿ ನೋಡ್ತಾ ಕೂರೋಕಾಗುತ್ತಾ?" ಅಂತ ಒಬ್ಬ ಗೆಳೆಯ ಕೇಳಿದ. ಪ್ರಶ್ನೆ ಸರಿಯಾಗೇ ಇದೆ. ಆಗಲ್ಲ. ಅಲ್ಲಿ ಫಿಲ್ಟರ್ ಇಲ್ಲದೇ ಬದುಕಿಲ್ಲ. ಇಲ್ಲಿ ಗ್ರೆಪ್ ಬಳಸೋರು ಅಲ್ಲಿ ಕಿಬಾನಾ, ಗ್ರಫಾನಾ ಲೋಕಿ ಥರದ ಸಾಧನ ಬಳಸ್ತಾರೆ. ಆದ್ರೆ ಅಲ್ಲೂ ಹುಡುಕೋ ಪೆಟ್ಟಿಗೆಯಲ್ಲಿ ಬರೆಯೋದು ಒಂದು ಪ್ರಶ್ನೆಯನ್ನೇ. ಸಾಲು ಜಾಸ್ತಿ ಆದಷ್ಟೂ ಪ್ರಶ್ನೆ ತಪ್ಪಾದ್ರೆ ಕಳೆದುಕೊಳ್ಳೋದೂ ಜಾಸ್ತಿ. ಕಣ್ಣಿಗೆ ನಿಲುಕೋ ಗಾತ್ರದ ಲಾಗ್ ಇರೋವಾಗಲೇ, ಅಂದ್ರೆ ಈ ಕಾಲೇಜಿನಲ್ಲಿ ಇರೋವಾಗಲೇ, ಪೂರ್ತಿ ಓದೋ ಅಭ್ಯಾಸ ಆಗಬೇಕು. ಚೆನ್ನಾಗಿರೋ ದಿನ ಲಾಗ್ ಹೇಗಿರುತ್ತೆ ಅಂತ ನೋಡಿದವನಿಗೆ ಮಾತ್ರ ಕೆಟ್ಟ ದಿನ ಏನು ಬೇರೆ ಇದೆ ಅಂತ ಗೊತ್ತಾಗುತ್ತೆ.

ಇನ್ನೊಂದು ಮಾತು, "ಎರರ್ ಕಾಪಿ ಮಾಡಿ ಎಐಗೆ ಹಾಕಿದ್ರೆ ಮುಗೀತಲ್ಲ?" ಆ ರಾತ್ರಿ ನಾವು ಅದನ್ನೂ ಮಾಡಿದ್ವಿ, ಸುಳ್ಳು ಯಾಕೆ ಹೇಳೋಣ. ಸೋಸಿದ ನಾಲ್ಕು ಸಾಲು ಹಾಕಿದ್ವಿ. ಡೇಟಾಬೇಸ್ ಕನೆಕ್ಷನ್ ನೋಡಿ, ಟ್ರಾನ್ಸಾಕ್ಷನ್ ಕಮಿಟ್ ಮಾಡಿದ್ದೀರಾ ನೋಡಿ, ಸೇವ್ ಮಾಡೋ ಫಂಕ್ಷನ್ ಬದಲಾಯಿಸಿ ಅಂತ ಚೆಂದದ ಪಟ್ಟಿ ಬಂತು. ಎಲ್ಲವೂ ಅವಳ ಮಾಡ್ಯೂಲ್‌ಗೇ ಸಂಬಂಧಿಸಿದ್ದು. ಪಾಪ ಅದರ ತಪ್ಪೇನು? ನಾವು ತೋರಿಸಿದ್ದೇ ಅಷ್ಟು. ಜರಡಿಯ ಕೆಳಗೆ ಬಿದ್ದದ್ದು ಅದಕ್ಕೂ ಕಾಣಲ್ಲ. ನಮ್ಮ ತಪ್ಪು ತೀರ್ಮಾನಕ್ಕೆ ಅದು ಇನ್ನೊಂದು ಸಹಿ ಹಾಕಿಕೊಟ್ಟಿತು ಅಷ್ಟೇ.

ನಾವು ಕೇಳೋದು

ಲ್ಯಾಬ್‌ನಲ್ಲಿ ನಮಗೆ ಔಟ್‌ಪುಟ್ ಬಂದ್ರೆ ಸಾಕು. ರೆಕಾರ್ಡ್‌ನಲ್ಲಿ ಔಟ್‌ಪುಟ್ ಅಂಟಿಸ್ತೀವಿ, ವೈವಾದಲ್ಲಿ ಡೆಫಿನಿಶನ್ ಹೇಳ್ತೀವಿ. ಕೆಟ್ಟುಹೋದ ಪ್ರೋಗ್ರಾಂ ಒಂದನ್ನ ಮುಂದಿಟ್ಟು, "ಕೋಡ್ ನೋಡಬೇಡಿ, ಲಾಗ್ ಮಾತ್ರ ನೋಡಿ ಕಾರಣ ಹೇಳಿ" ಅಂತ ನಮ್ಮನ್ನ ಯಾರೂ ಕೇಳಿಲ್ಲ. ಲ್ಯಾಬ್ ನಡೆಸೋ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮ್ಮ ವಿನಂತಿ: ಒಂದು ಸೆಮಿಸ್ಟರ್‌ನಲ್ಲಿ ಒಂದೇ ಒಂದು ಲ್ಯಾಬ್ ಅವಧಿ ಇದಕ್ಕೆ ಕೊಡಿ. ಮಾರ್ಕ್ಸ್ ಇಲ್ಲದಿದ್ರೂ ಬರ್ತೀವಿ.

ಪ್ರಾಜೆಕ್ಟ್ ಮಾಡೋ ಗೆಳೆಯರಿಗೆ ಇನ್ನೊಂದು. ಸೋಸೋಕೆ ಅನುಕೂಲ ಆಗೋ ಹಾಗೆ ಲಾಗ್ ಬರೀರಿ. "ಇಲ್ಲಿಗೆ ಬಂತು", "ಬಂತು 2", "ಅಯ್ಯೋ" ಅಂತ ಪ್ರಿಂಟ್ ಹಾಕೋದು ಬಿಡೋಣ (ನಮ್ಮ ಕೋಡ್‌ನಲ್ಲಿ "ಅಯ್ಯೋ" ಮೂರು ಕಡೆ ಇತ್ತು). ಸಮಯ, ಲೆವೆಲ್, ಮಾಡ್ಯೂಲ್ ಇರಲಿ. ಪ್ರತಿ ಅರ್ಜಿಗೂ ಒಂದು ಸಂಖ್ಯೆ ಕೊಟ್ಟು ಅದನ್ನ ಎಲ್ಲ ಸಾಲಲ್ಲೂ ಬರೀರಿ. ಆಗ ಪದ ಹಿಡಿದು ಸೋಸೋ ಬದಲು ಆ ಸಂಖ್ಯೆ ಹಿಡಿದು ಸೋಸಬಹುದು. ಒಂದು ಅರ್ಜಿ ಹುಟ್ಟಿದಲ್ಲಿಂದ ಬಿದ್ದಲ್ಲಿವರೆಗಿನ ಪೂರ್ತಿ ಕಥೆ ಸಿಗುತ್ತೆ. ಅದು ಒಳ್ಳೆ ಫಿಲ್ಟರ್. ಹಾಗೇ, ಲಾಗ್‌ನಲ್ಲಿ ಪಾಸ್‌ವರ್ಡ್, ಫೋನ್ ನಂಬರ್ ಬರೀಬೇಡಿ. ಲಾಗ್ ಓದೋರು ನಾವೊಬ್ಬರೇ ಅಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಟೀಮ್ ಈಗ ಒಂದು ನಿಯಮ ಮಾಡಿಕೊಂಡಿದೆ. "ನಿನ್ನ ಕೋಡ್‌ನಲ್ಲಿ ತಪ್ಪಿದೆ" ಅಂತ ಯಾರಿಗಾದ್ರೂ ಹೇಳೋ ಮೊದಲು, ಸೋಸದ ಲಾಗ್ ಕಳಿಸಬೇಕು. ಸ್ಕ್ರೀನ್‌ಶಾಟ್ ಅಲ್ಲ, ಫೈಲ್. ಯಾವ ಕಮ್ಯಾಂಡ್ ಕೊಟ್ಟು ಆ ತೀರ್ಮಾನಕ್ಕೆ ಬಂದ್ವಿ ಅನ್ನೋದನ್ನೂ ಬರೀಬೇಕು. ಜರಡಿ ಯಾವುದು ಅಂತ ಗೊತ್ತಾದ್ರೆ ಕೆಳಗೆ ಏನು ಬಿದ್ದಿರಬಹುದು ಅಂತ ಇನ್ನೊಬ್ಬರು ಊಹಿಸಬಹುದು. ಫಸ್ಟ್ ಇಯರಿನವರು "ಪೂರ್ತಿ ನೋಡೋಣ್ವಾ" ಅಂತ ಕೇಳಿದ್ರೆ ಪೂರ್ತಿ ನೋಡಬೇಕು. ಅದಕ್ಕೆ ಐದು ನಿಮಿಷ ಸಾಕು. ನಾವು ಕಳೆದುಕೊಂಡದ್ದು ಒಂದು ರಾತ್ರಿ, 40ಕ್ಕೂ ಹೆಚ್ಚು ಅರ್ಜಿ, ಮತ್ತೆ ಒಬ್ಬಳ ನಂಬಿಕೆ.

ಅವತ್ತು ಬೆಳಗ್ಗೆ ಫೋಟೋ ಮಿತಿ ವಾಪಸ್ ಹಾಕಿ, ಜಾಗ ಖಾಲಿ ಮಾಡಿ, 9:30ಕ್ಕೆ ಫಾರ್ಮ್ ತೆರೆದ್ವಿ. ಅವಳ ಮಾಡ್ಯೂಲ್‌ನಲ್ಲಿ ಒಂದು ಸಾಲೂ ಬದಲಾಯಿಸಲಿಲ್ಲ. ಗ್ರೂಪಿನಲ್ಲಿ "ಸರಿ ಆಯ್ತು, ಎಲ್ಲರೂ ರಿಜಿಸ್ಟರ್ ಮಾಡಿ" ಅಂತ ಮಾತ್ರ ಹಾಕಿ ಸುಮ್ಮನಾದ್ವಿ. ತಪ್ಪು ಯಾರದ್ದಾಗಿತ್ತು ಅಂತ ಬರೀಲಿಲ್ಲ. ಅವಳ ಹತ್ತಿರ ಹೋಗಿ "ಸಾರಿ" ಅಂದ್ವಿ ನಿಜ. "ಪರವಾಗಿಲ್ಲ ಬಿಡಿ ಅಣ್ಣ" ಅಂದಳು. ಆದ್ರೆ ಬೈದದ್ದು ಗ್ರೂಪಿನ ಎದುರು, ಸಾರಿ ಕೇಳಿದ್ದು ಕ್ಯಾಂಟೀನಿನ ಮೂಲೆಯಲ್ಲಿ. ಅದೂ ಒಂಥರಾ ಫಿಲ್ಟರೇ.

ಅದಕ್ಕೇ ಇದನ್ನ ಇಲ್ಲಿ, ಎಲ್ಲರೂ ಓದೋ ಕಡೆ, ಸೋಸದೇ ಬರೀತಿದೀವಿ. ಆ ರಾತ್ರಿ ಸೈಟ್ ಬಿದ್ದದ್ದು ನೋಂದಣಿ ಮಾಡ್ಯೂಲ್‌ನಿಂದ ಅಲ್ಲ. ನಮ್ಮಿಂದ.